ಪ್ಯಾರಿಸ್‌ನಲ್ಲಿ ಕಡಿಮೆ ಖರ್ಚಿನ ಹೋಟೆಲ್: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ

ಪ್ಯಾರಿಸ್‌ಗೆ ಹೊರಟವರು ಹೋಟೆಲ್ ಬಗ್ಗೆ ನನ್ನನ್ನು ಕೇಳುವುದು ಹೆಚ್ಚಾಗಿ ಬುಕ್ ಮಾಡಿ ಆದ ಮೇಲೆ. "ಒಳ್ಳೆ ರೇಟಿಗೆ ಸಿಕ್ತು, ನೋಡಿ ಹೇಳಿ" ಎಂದು ಲಿಂಕ್ ಕಳಿಸುತ್ತಾರೆ. ತೆರೆದು ನೋಡಿದರೆ ಹೋಟೆಲ್ ವಿಮಾನ ನಿಲ್ದಾಣದ ಪಕ್ಕದಲ್ಲಿದೆ, ಊರಿಂದ 25 ಕಿಲೋಮೀಟರ್ ದೂರ. ಇಲ್ಲವೇ ಲಿಫ್ಟ್ ಇಲ್ಲದ ಐದನೇ ಮಹಡಿ, ಜೊತೆಗೆ ಮಂಡಿ ನೋವಿನ ಅಮ್ಮ. ಇಲ್ಲವೇ ಹಣ ವಾಪಸ್ ಬರದ ಬುಕಿಂಗ್, ವೀಸಾ ಇನ್ನೂ ಕೈಗೆ ಬಂದಿಲ್ಲ. ಮೂರಕ್ಕೂ ಕಾರಣ ಒಂದೇ. ಮೊದಲು ಬಾಡಿಗೆ ನೋಡಿದ್ದಾರೆ, ಮಿಕ್ಕಿದ್ದನ್ನು ಆಮೇಲೆ ನೋಡಿದ್ದಾರೆ.

ಬಾಡಿಗೆ ನೋಡುವುದು ಮೊದಲಲ್ಲ. ಅದಕ್ಕೂ ಮುಂಚೆ ದಿನಾಂಕ, ಪೂರ್ತಿ ಖರ್ಚಿನ ಲೆಕ್ಕ, ಮೆಟ್ರೋ ಲೈನ್ ಈ ಮೂರು ಗೊತ್ತಾಗಬೇಕು. ಕೆಳಗೆ ಅದೇ ಕ್ರಮದಲ್ಲಿ ಬರೆದಿದ್ದೇನೆ. ದರಗಳ ಪಕ್ಕ ವರ್ಷವನ್ನೂ ಹಾಕಿದ್ದೇನೆ. ಅಲ್ಲಿ ಸಾರಿಗೆ ದರ ಸಾಮಾನ್ಯವಾಗಿ ಜನವರಿಯಲ್ಲಿ ಬದಲಾಗುತ್ತದೆ, ಹಾಗಾಗಿ ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

## ಕೂರುವ ಮುಂಚೆ ಕೈಯಲ್ಲಿರಲಿ

ಎಲ್ಲರ ಪಾಸ್‌ಪೋರ್ಟ್ ಬೇಕು, ಏಕೆಂದರೆ ಬುಕಿಂಗ್‌ನಲ್ಲಿ ಹೆಸರು ಅದರಲ್ಲಿರುವ ಹಾಗೇ ಬರಬೇಕು. ಫೋನಿನಲ್ಲಿ ಒಂದು ಮ್ಯಾಪ್ ಆ್ಯಪ್, ಲೆಕ್ಕ ಬರೆಯಲು ಒಂದು ಹಾಳೆ. ಕ್ರೆಡಿಟ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆನ್ ಆಗಿದೆಯಾ ಎಂದು ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ. ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಪೇಮೆಂಟ್ ಫೇಲ್ ಆಗುತ್ತಿದೆ ಎಂದು ಪರದಾಡುವವರಲ್ಲಿ ತುಂಬಾ ಜನರಿಗೆ ಇದೇ ಕಾರಣ.

## 1. ದಿನಾಂಕ ಗಟ್ಟಿ ಮಾಡಿ

ಅದೇ ರೂಮು, ಅದೇ ಹಾಸಿಗೆ, ವಾರ ಬದಲಾದರೆ ಬಾಡಿಗೆ ದುಪ್ಪಟ್ಟಾಗಬಹುದು. ಪ್ಯಾರಿಸ್‌ನಲ್ಲಿ ಬಾಡಿಗೆ ಏರುವುದು ಪ್ರವಾಸಿಗರಿಂದ ಮಾತ್ರ ಅಲ್ಲ, ವ್ಯಾಪಾರ ಮೇಳಗಳಿಂದಲೂ. ಮಾರ್ಚ್ ಮೊದಲ ವಾರದ ಆಸುಪಾಸು ಒಂದು ಫ್ಯಾಷನ್ ವೀಕ್, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಇನ್ನೊಂದು. ಮೇ ಕೊನೆಯಿಂದ ಜೂನ್ ಮೊದಲ ಭಾಗದವರೆಗೆ ರೋಲಾಂ ಗಾರೋಸ್ ಟೆನಿಸ್. ಬೆಸ ವರ್ಷಗಳ ಜೂನ್‌ನಲ್ಲಿ ಲೆ ಬೂರ್ಜೆ ಏರ್ ಶೋ. ಈ ವಾರಗಳಲ್ಲಿ "ಬಜೆಟ್" ಎಂಬ ಮಾತೇ ಕಷ್ಟ.

ಹೊಸ ವರ್ಷದ ಗದ್ದಲ ಮುಗಿದ ಮೇಲಿನ ಜನವರಿ, ಫೆಬ್ರವರಿ ಮತ್ತು ನವೆಂಬರ್ ಅಗ್ಗ. ಆಗಸ್ಟ್ ಅನ್ನು ನಮ್ಮವರು ಯೋಚಿಸುವುದೇ ಇಲ್ಲ. ಆ ತಿಂಗಳು ಊರಿನವರೇ ರಜೆಗೆ ಹೊರಗೆ ಹೋಗುತ್ತಾರೆ, ಕೆಲಸದ ಮೇಲೆ ಬರುವವರೂ ಕಡಿಮೆ. ಜೂನ್‌ಗಿಂತ ಕಡಿಮೆ ಬಾಡಿಗೆಗೆ ಒಳ್ಳೆ ರೂಮು ಸಿಗುವುದುಂಟು. ಕೆಲವು ಸಣ್ಣ ಊಟದ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಅಷ್ಟೇ.

ಮಕ್ಕಳ ರಜೆಯಿಂದಾಗಿ ಏಪ್ರಿಲ್, ಮೇ ಬಿಟ್ಟರೆ ಬೇರೆ ದಾರಿ ಇಲ್ಲ ಎನ್ನುವವರು ಈಸ್ಟರ್ ವಾರ ತಪ್ಪಿಸಿ. ಮೇ 1ರಂದು ಲೂವ್ರ್ ಮ್ಯೂಸಿಯಂ ಮುಚ್ಚಿರುತ್ತದೆ ಎಂಬುದೂ ಗೊತ್ತಿರಲಿ.

ಇನ್ನೊಂದು ವಿಷಯ. ಅಲ್ಲಿನ ಮೆಟ್ರೋ, ರೈಲು, ಬಸ್ಸಿಗೆಲ್ಲ ನಡೆಯುವ ವಾರದ ನಾವಿಗೋ ಪಾಸ್ ಸೋಮವಾರದಿಂದ ಭಾನುವಾರಕ್ಕೆ ಮಾತ್ರ, ಕೊಂಡ ದಿನದಿಂದ ಏಳು ದಿನಕ್ಕಲ್ಲ. ಆ ವಾರದ ಪಾಸನ್ನು ಗುರುವಾರದವರೆಗೆ ಕೊಳ್ಳಬಹುದು, ಶುಕ್ರವಾರದಿಂದ ಮುಂದಿನ ವಾರದ್ದು ಸಿಗುತ್ತದೆ. 2025ರಲ್ಲಿ ಇದರ ಬೆಲೆ 31.60 ಯೂರೊ ಇತ್ತು. ವಿಮಾನ ನಿಲ್ದಾಣದ ಪ್ರಯಾಣವೂ ಇದರಲ್ಲೇ ಬರುತ್ತದೆ. ಸೋಮವಾರ ಇಳಿದು ಭಾನುವಾರ ಹೊರಟರೆ ಪೂರ್ತಿ ಲಾಭ. ಶುಕ್ರವಾರ ಇಳಿದು ಮಂಗಳವಾರ ಹೊರಟರೆ ಪಾಸ್ ದಂಡ. ಹಾಗಾಗಿ ವಿಮಾನದ ಟಿಕೆಟ್ ತೆಗೆಯುವಾಗಲೇ ವಾರದ ದಿನ ನೋಡಿ.

## 2. ಬಾಡಿಗೆಯಲ್ಲ, ಒಂದು ರಾತ್ರಿಯ ಪೂರ್ತಿ ಖರ್ಚು ಲೆಕ್ಕ ಹಾಕಿ

ಎಲ್ಲರೂ ಎಡವುವುದು ಇಲ್ಲೇ. ತೆರೆಯ ಮೇಲೆ ಕಾಣುವ ಸಂಖ್ಯೆಗೆ ಮೂರು ಸೇರಿಸಬೇಕು.

ಮೊದಲನೆಯದು ಪ್ರವಾಸಿ ತೆರಿಗೆ. ಅಲ್ಲಿ ಅದಕ್ಕೆ ತಾಕ್ಸ್ ದ ಸೆಜೂರ್ ಎನ್ನುತ್ತಾರೆ. ಒಬ್ಬ ವಯಸ್ಕರಿಗೆ ಒಂದು ರಾತ್ರಿಗೆ ಇಷ್ಟು ಎಂದು ಹಾಕುತ್ತಾರೆ, 18 ತುಂಬದವರಿಗೆ ಇಲ್ಲ. 2024ರಲ್ಲಿ ಇದನ್ನು ಒಮ್ಮೆಲೇ ತುಂಬಾ ಏರಿಸಿದರು. ಆ ವರ್ಷ ಒಂದು ಸ್ಟಾರ್ ಹೋಟೆಲಿಗೆ 2.60, ಎರಡಕ್ಕೆ 3.25, ಮೂರಕ್ಕೆ 5.20, ನಾಲ್ಕಕ್ಕೆ 8.13 ಯೂರೊ ಇತ್ತು. ಇಬ್ಬರು ಮೂರು ಸ್ಟಾರ್ ಹೋಟೆಲಿನಲ್ಲಿ ಐದು ರಾತ್ರಿ ಇದ್ದರೆ ಬರೀ ತೆರಿಗೆಯೇ 52 ಯೂರೊ. ಕೆಲವು ಬುಕಿಂಗ್ ಸೈಟುಗಳು ಇದನ್ನು ಒಟ್ಟು ಮೊತ್ತದಲ್ಲಿ ಸೇರಿಸುತ್ತವೆ, ಕೆಲವು ಕೆಳಗೆ ಸಣ್ಣ ಅಕ್ಷರದಲ್ಲಿ "ಹೋಟೆಲಿನಲ್ಲಿ ಕೊಡಬೇಕು" ಎಂದು ಬರೆಯುತ್ತವೆ. ಆ ಸಾಲನ್ನು ಹುಡುಕಿ ಓದಿ.

ಎರಡನೆಯದು ತಿಂಡಿ. ಹೋಟೆಲಿನ ತಿಂಡಿ ಎಂದರೆ ಬ್ರೆಡ್ಡು, ಬೆಣ್ಣೆ, ಜಾಮ್, ಕ್ರೊಸಾಂ, ಕಾಫಿ. ತಲೆಗೆ ಹತ್ತು ಯೂರೊ ದಾಟುವುದು ಸಾಮಾನ್ಯ. ಬೀದಿ ತುದಿಯ ಬೇಕರಿಯಲ್ಲಿ ಕ್ರೊಸಾಂ, ಕಾಫಿ ಎರಡೂ ಅದರ ಅರ್ಧ ದುಡ್ಡಿಗೆ ಮುಗಿಯುತ್ತವೆ. ತಿಂಡಿ ಇಲ್ಲದ ದರವನ್ನೇ ಆರಿಸಿ. ಬೇಕೆನಿಸಿದ ದಿನ ರಿಸೆಪ್ಷನ್‌ನಲ್ಲಿ ಕೇಳಿದರೂ ಕೊಡುತ್ತಾರೆ.

ಮೂರನೆಯದು ಓಡಾಟ. ಜಾಸ್ತಿ ಕೈ ಸುಡುವುದು ಇದೇ. 2025ರಲ್ಲಿ ಮೆಟ್ರೋ ಮತ್ತು ಸುತ್ತಲಿನ ಊರುಗಳಿಗೆ ಹೋಗುವ ವೇಗದ ಆರ್‌ಇಆರ್ ರೈಲಿಗೆ ದೂರ ಎಷ್ಟೇ ಇರಲಿ 2.50 ಯೂರೊ ಇತ್ತು. ಆದರೆ ವಿಮಾನ ನಿಲ್ದಾಣಕ್ಕೆ ಹೋಗಿ ಬರಲು ಬೇರೆ ಟಿಕೆಟ್, ಒಬ್ಬರಿಗೆ ಒಂದು ಸಲಕ್ಕೆ 13 ಯೂರೊ ಇತ್ತು. ಆ ದರದಲ್ಲೇ ಲೆಕ್ಕ ಹಾಕಿ. ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದ ಪಕ್ಕದ ಹೋಟೆಲ್ 75 ಯೂರೊಗೆ ಸಿಕ್ಕಿತು ಎಂದುಕೊಳ್ಳಿ. ಇಬ್ಬರು ದಿನಾ ಊರೊಳಗೆ ಹೋಗಿ ಬಂದರೆ ಟಿಕೆಟ್ಟಿಗೇ 52 ಯೂರೊ. ಒಟ್ಟು 127 ಆಯಿತು. ಊರೊಳಗಿನ 115 ಯೂರೊ ಹೋಟೆಲಿಗೆ ಹೋಗಿ ಬರುವ 10 ಯೂರೊ ಸೇರಿಸಿದರೂ 125. ಮೇಲಾಗಿ ಆ ದೂರದ ಹೋಟೆಲಿನವರು ದಿನಾ ಒಂದೂವರೆ ಗಂಟೆ ರೈಲಿನಲ್ಲೇ ಕಳೆಯುತ್ತಾರೆ. ಅಗ್ಗ ಎಲ್ಲಿ ಬಂತು, ಅಲ್ವಾ?

ಹಾಳೆಯಲ್ಲಿ ಪ್ರತಿ ಹೋಟೆಲಿಗೂ ನಾಲ್ಕು ಅಂಕಣ ಮಾಡಿ: ಬಾಡಿಗೆ, ತೆರಿಗೆ, ತಿಂಡಿ, ಓಡಾಟ. ಕೂಡಿಸಿದ ಮೊತ್ತವನ್ನು ಮಾತ್ರ ಹೋಲಿಸಿ.

## 3. ಬೀದಿ ಅಲ್ಲ, ಮೆಟ್ರೋ ಲೈನ್ ಆರಿಸಿ

ಪ್ಯಾರಿಸ್ ಊರು 20 ವಾರ್ಡುಗಳಾಗಿ ಹಂಚಿದೆ. ಅರೊಂದಿಸ್ಮಾಂ ಎನ್ನುತ್ತಾರೆ. ನಡುವಿನಿಂದ ಶುರುವಾಗಿ ಬಸವನಹುಳದ ಚಿಪ್ಪಿನ ಹಾಗೆ ಸುತ್ತುತ್ತಾ ಹೊರಗೆ ಹೋಗುತ್ತದೆ. ಹೋಟೆಲಿನ ಪಿನ್‌ಕೋಡ್ ನೋಡಿದರೆ ಸಾಕು, ಎಲ್ಲಿದೆ ಎಂದು ತಿಳಿಯುತ್ತದೆ. 75010 ಎಂದರೆ ಹತ್ತನೇ ವಾರ್ಡು, 75013 ಎಂದರೆ ಹದಿಮೂರು. 75ರಿಂದ ಶುರುವಾದರೆ ಊರೊಳಗೆ. 92, 93, 94 ಎಂದಿದ್ದರೆ ಪಕ್ಕದ ಊರು. 95700 ಎಂದರೆ ರುವಾಸಿ, ಅಂದರೆ ವಿಮಾನ ನಿಲ್ದಾಣ. ಹೋಟೆಲಿನ ಹೆಸರಿನಲ್ಲಿ "ಪ್ಯಾರಿಸ್" ಇದೆ ಎಂದು ನಂಬಬೇಡಿ, ಪಿನ್‌ಕೋಡ್ ನಂಬಿ.

ಮ್ಯಾಪ್‌ನಲ್ಲಿ ನೀವು ನೋಡಬೇಕಾದ ಜಾಗಗಳನ್ನು ಗುರುತು ಮಾಡಿ. ಲೂವ್ರ್‌ಗೆ 1 ಮತ್ತು 7ನೇ ಲೈನ್. ಐಫೆಲ್ ಗೋಪುರಕ್ಕೆ 6ನೇ ಲೈನಿನ ಬೀರ್ ಹಾಕೆಮ್ ಸ್ಟೇಷನ್. ನೋತ್ರ್ ದಾಮ್‌ಗೆ 4ನೇ ಲೈನಿನ ಸಿತೆ ಸ್ಟೇಷನ್. ಡಿಸ್ನಿಲ್ಯಾಂಡಿಗೆ ಆರ್‌ಇಆರ್ ಎ, ವರ್ಸೈ ಅರಮನೆಗೆ ಆರ್‌ಇಆರ್ ಸಿ. ನಿಮ್ಮ ಪಟ್ಟಿಗೆ ಒಂದೇ ಬದಲಾವಣೆಯಲ್ಲಿ ತಲುಪುವ ಸ್ಟೇಷನ್ ಯಾವುದು ನೋಡಿ, ಅಲ್ಲಿಂದ ಐದಾರು ನಿಮಿಷದ ನಡಿಗೆಯಲ್ಲಿ ಹೋಟೆಲ್ ಹುಡುಕಿ.

ನಾನು ಮನೆಯವರಿಗೆ ಹೇಳುವ ಜಾಗಗಳು ಇವು. ನಾಸಿಯೋಂ ಸ್ಟೇಷನ್ ಸುತ್ತ, 11 ಮತ್ತು 12ನೇ ವಾರ್ಡು: 1, 2, 6, 9ನೇ ಲೈನುಗಳು, ಜೊತೆಗೆ ಆರ್‌ಇಆರ್ ಎ. ಡಿಸ್ನಿಲ್ಯಾಂಡ್ ಪಟ್ಟಿಯಲ್ಲಿದ್ದರೆ ಬೇರೆ ಯೋಚನೆಯೇ ಬೇಡ. ಪ್ಲಾಸ್ ದಿತಾಲಿ ಸುತ್ತ, 13ನೇ ವಾರ್ಡು: ಮಾಮೂಲಿ ಚೈನ್ ಹೋಟೆಲುಗಳು ಜಾಸ್ತಿ, 5, 6, 7ನೇ ಲೈನುಗಳಿವೆ, ಅದೇ ವಾರ್ಡಿನ ಬೇರೆ ಸ್ಟೇಷನ್‌ಗಳಲ್ಲಿ 14ನೇ ಲೈನೂ ಸಿಗುತ್ತದೆ. ಅದು 2024ರ ಜೂನ್‌ನಿಂದ ಓರ್ಲಿ ವಿಮಾನ ನಿಲ್ದಾಣದವರೆಗೂ ಹೋಗುತ್ತದೆ. ದಾಂಫೇರ್ ರೋಶ್ರೋ, 14ನೇ ವಾರ್ಡು: ಶಾರ್ಲ್ ದ ಗೋಲ್‌ನಿಂದ ಆರ್‌ಇಆರ್ ಬಿ ನೇರ ಬರುತ್ತದೆ, ಮಧ್ಯೆ ಇಳಿದು ಹತ್ತುವ ರಗಳೆ ಇಲ್ಲ. 15ನೇ ವಾರ್ಡು ಮಕ್ಕಳೊಂದಿಗೆ ಇರಲು ನೆಮ್ಮದಿಯ ಜಾಗ, ಸಂಜೆ ಅಲ್ಲಿನ ಮನೆಮಂದಿಯೇ ಬೀದಿಯಲ್ಲಿ ಓಡಾಡುತ್ತಿರುತ್ತಾರೆ. 6ನೇ ಲೈನು ಆ ಕಡೆ ಕಂಬಗಳ ಮೇಲೆ ಓಡುತ್ತದೆ. ಸೇನ್ ನದಿ ದಾಟುವಾಗ ಕಿಟಕಿಯಲ್ಲಿ ಐಫೆಲ್ ಗೋಪುರ ಪೂರ್ತಿ ಕಾಣುತ್ತದೆ. ಟಿಕೆಟ್ ದುಡ್ಡಿಗೆ ಅದೊಂದು ಉಡುಗೊರೆ.

ಗಾರ್ ದು ನಾರ್ ರೈಲು ನಿಲ್ದಾಣದ ಸುತ್ತಲಿನ ಹತ್ತನೇ ವಾರ್ಡಿನ ವಿಷಯ ಬೇರೆಯಾಗಿಯೇ ಹೇಳಬೇಕು. ಹೋಟೆಲುಗಳು ತುಂಬಾ, ಬಾಡಿಗೆ ಕಡಿಮೆ, ಊಟಕ್ಕೆ ನಮಗೆ ಇದಕ್ಕಿಂತ ಒಳ್ಳೆ ಜಾಗ ಪ್ಯಾರಿಸ್‌ನಲ್ಲಿಲ್ಲ. ಲಾ ಶಾಪೆಲ್ ಕಡೆಗೆ ಹೋಗುವ ಬೀದಿಗಳಲ್ಲಿ ಶ್ರೀಲಂಕಾ ತಮಿಳರ ಅಂಗಡಿ ಸಾಲು. ದೋಸೆ, ಇಡ್ಲಿ, ವಡೆ, ಕರಿಬೇವು ಎಲ್ಲ ಸಿಗುತ್ತದೆ. ಸಸ್ಯಾಹಾರಿ ತಂದೆ ತಾಯಿ ಜೊತೆಗಿದ್ದರೆ ಇದು ದೊಡ್ಡ ನೆಮ್ಮದಿ. ಆದರೆ ಸ್ಟೇಷನ್ ಎದುರಿನ ಬೀದಿಗಳು ರಾತ್ರಿ ಅಷ್ಟು ಚೆನ್ನಾಗಿರುವುದಿಲ್ಲ. ಮಧ್ಯರಾತ್ರಿ ಮಕ್ಕಳೊಂದಿಗೆ ಅಲ್ಲಿ ಪೆಟ್ಟಿಗೆ ಎಳೆದುಕೊಂಡು ನಡೆಯುವುದು ಬೇಡ. ಅಲ್ಲೇ ಇರಬೇಕೆಂದರೆ ಗಾರ್ ದ ಲೆಸ್ತ್ ಕಡೆ ಅಥವಾ ಸೇಂ ಮಾರ್ತಾಂ ಕಾಲುವೆ ಕಡೆ ನೋಡಿ. ಇಲ್ಲವೇ ಬೇರೆ ಕಡೆ ಉಳಿದು ಊಟಕ್ಕೆ ಮಾತ್ರ ಬನ್ನಿ, ಮೆಟ್ರೋ ಇದೆಯಲ್ಲ. ಬಾರ್ಬೆಸ್, ಪೋರ್ತ್ ದ ಲಾ ಶಾಪೆಲ್, ಸ್ತಾಲಿನ್‌ಗ್ರಾದ್ ಸುತ್ತಲೂ ಇದೇ ಎಚ್ಚರ ಇರಲಿ.

ಪಕ್ಕದ ಊರುಗಳನ್ನು ಪೂರ್ತಿ ತಳ್ಳಿಹಾಕಬೇಡಿ. ಮೆಟ್ರೋ ನೇರ ಹೋಗುವ ಮೋಂತ್ರೊಯ್, ಮೋಂರೂಜ್, ಇಸ್ಸಿ, ಲವಲ್ವಾ ಇವುಗಳಲ್ಲಿ ಅದೇ ದುಡ್ಡಿಗೆ ದೊಡ್ಡ ರೂಮು ಸಿಗಬಹುದು. ಒಂದೇ ಷರತ್ತು: ಹೋಟೆಲಿಂದ ಮೆಟ್ರೋಗೆ ನಡೆದೇ ಹೋಗುವಂತಿರಬೇಕು. ಬಸ್ ಹಿಡಿದು ಮೆಟ್ರೋಗೆ ಹೋಗಬೇಕು ಎಂದಿದ್ದರೆ ಬಿಟ್ಟುಬಿಡಿ.

ಮೆಟ್ರೋದಲ್ಲಿ ಮೆಟ್ಟಿಲು ತುಂಬಾ. ಎಲ್ಲ ಸ್ಟೇಷನ್‌ನಲ್ಲೂ ಲಿಫ್ಟ್ ಇರುವ ಲೈನು 14 ಒಂದೇ. ಹಿರಿಯರು ಜೊತೆಗಿದ್ದರೆ ಆ ಲೈನಿನ ಪಕ್ಕವೇ ಹುಡುಕಿ. ಅಥವಾ ಬಸ್ ನಿಲ್ದಾಣ ಹತ್ತಿರವಿರುವ ಹೋಟೆಲ್ ಆದರೂ ಇರಲಿ.

## 4. ರೂಮಿನ ವಿವರ ಒಂದೊಂದೇ ಓದಿ

ಅಳತೆಯಿಂದ ಶುರು ಮಾಡಿ. ಫ್ರಾನ್ಸಿನ ನಿಯಮದ ಪ್ರಕಾರ ಒಂದು ಮತ್ತು ಎರಡು ಸ್ಟಾರ್ ಹೋಟೆಲಿನ ಡಬಲ್ ರೂಮು 9 ಚದರ ಮೀಟರ್ ಇದ್ದರೂ ಸಾಕು. ಅಂದರೆ ಹತ್ತಡಿಗೆ ಹತ್ತಡಿಗೂ ಕೊಂಚ ಕಡಿಮೆ. ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ತೆರೆದಿಡಲು ಜಾಗ ಇರುವುದಿಲ್ಲ. 12 ಚದರ ಮೀಟರಿಗಿಂತ ಕಡಿಮೆ ಇದ್ದರೆ ಎರಡು ರಾತ್ರಿಗೆ ಸರಿ, ವಾರಕ್ಕೆ ಬೇಡ.

ಹಾಸಿಗೆ ಯಾವುದು ನೋಡಿ. ಡಬಲ್ ಎಂದರೆ ಹೆಚ್ಚಾಗಿ 140 ಸೆಂಟಿಮೀಟರ್ ಅಗಲದ ಒಂದೇ ಹಾಸಿಗೆ, ಅಂದರೆ ನಾಲ್ಕೂವರೆ ಅಡಿ. ಎರಡು ಬೇರೆ ಹಾಸಿಗೆ ಬೇಕಿದ್ದರೆ ಟ್ವಿನ್ ಎಂದೇ ಆರಿಸಬೇಕು.

ಎಷ್ಟು ಜನ ಎಂದು ನಿಜ ಹೇಳಿ. ಡಬಲ್ ರೂಮು ಬುಕ್ ಮಾಡಿ ಮಗುವನ್ನು ನಡುವೆ ಮಲಗಿಸಿಕೊಂಡರಾಯಿತು ಎಂದು ನಮ್ಮಲ್ಲಿ ಅಂದುಕೊಳ್ಳುತ್ತಾರೆ. ಅಲ್ಲಿ ರೂಮಿಗೆ ಇಷ್ಟೇ ಜನ ಎಂಬ ಲೆಕ್ಕ ಖಡಾಖಂಡಿತ. ಕೌಂಟರಿನಲ್ಲಿ ಇನ್ನೊಂದು ರೂಮು ತೆಗೆದುಕೊಳ್ಳಿ ಎಂದರೆ ಆ ದಿನದ ದರವನ್ನೇ ಕೊಡಬೇಕಾಗುತ್ತದೆ. ಹುಡುಕುವಾಗಲೇ ಮಕ್ಕಳ ವಯಸ್ಸು ಹಾಕಿ, ಟ್ರಿಪಲ್ ಅಥವಾ ಫ್ಯಾಮಿಲಿ ರೂಮು ನೋಡಿ.

ಲಿಫ್ಟ್ ಇದೆಯಾ? ಇದ್ದರೆ ಎಲ್ಲಿಂದ ಎಲ್ಲಿಯವರೆಗೆ? ಅಪ್ಪ ಅಮ್ಮನ ಜೊತೆ ನಾನು ಹೋದಾಗ ಲಿಫ್ಟ್ ಇದೆ ಎಂದು ಖಾತ್ರಿ ಮಾಡಿಕೊಂಡೇ ಬುಕ್ ಮಾಡಿದ್ದೆ. ಹೋಗಿ ನೋಡಿದರೆ ಅದು ಮನೆಯ ಬೀರುವಿನಷ್ಟು ಅಗಲ. ಅದರ ಬಾಗಿಲಿಗೆ ಹೋಗಲು ಆರು ಮೆಟ್ಟಿಲು. ಅಮ್ಮ ಒಳಗೆ ನಿಂತರೆ ಸೂಟ್‌ಕೇಸಿಗೆ ಜಾಗವಿಲ್ಲ. ಮೊದಲು ಅಮ್ಮ, ಆಮೇಲೆ ಅಪ್ಪ, ಆಮೇಲೆ ಪೆಟ್ಟಿಗೆಗಳು ಒಂದೊಂದಾಗಿ ಮೇಲೆ ಹೋದವು. ಅಮ್ಮ ಗೋಡೆ ಹಿಡಿದು ಆ ಆರು ಮೆಟ್ಟಿಲು ಇಳಿಯುವುದನ್ನು ಐದು ದಿನವೂ ನೋಡಿದೆ. ಅಂದಿನಿಂದ "ಲಿಫ್ಟ್ ಇದೆಯಾ" ಎಂದಷ್ಟೇ ಕೇಳುವುದಿಲ್ಲ. "ಬೀದಿಯಿಂದ ರೂಮಿನವರೆಗೆ ಒಂದಾದರೂ ಮೆಟ್ಟಿಲು ಇದೆಯಾ" ಎಂದು ಕೇಳುತ್ತೇನೆ.

ಬಾತ್‌ರೂಮು ರೂಮಿನೊಳಗೇ ಇದೆಯಾ ಎಂದು ನೋಡಿ. ತೀರಾ ಅಗ್ಗದ ಹೋಟೆಲುಗಳಲ್ಲಿ ಇಡೀ ಮಹಡಿಗೆ ಒಂದೇ ಶೌಚಾಲಯ ಇರುವುದುಂಟು. ಎ.ಸಿ. ಇರಲೇಬೇಕೆಂಬ ನಿಯಮ ಇಲ್ಲ. 2019ರ ಜುಲೈ 25ರಂದು ಪ್ಯಾರಿಸ್‌ನಲ್ಲಿ 42.6 ಡಿಗ್ರಿ ಬಿಸಿಲು ದಾಖಲಾಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಹೋಗುವವರು ಎ.ಸಿ. ಇರುವುದನ್ನೇ ಆರಿಸಿ, "ಕ್ಲಿಮಾತಿಸಾಸಿಯೋಂ" ಎಂಬ ಪದ ಹುಡುಕಿ.

ಅಡುಗೆ ಮಾಡಿಕೊಳ್ಳುವ ಆಸೆ ಇದ್ದರೆ ಸಣ್ಣ ಅಡುಗೆಮನೆ ಇರುವ ಅಪಾರ್ಟ್‌ಹೋಟೆಲ್ ನೋಡಿ. ನಾಲ್ಕು ಜನರಿಗೆ, ನಾಲ್ಕು ದಿನಕ್ಕಿಂತ ಜಾಸ್ತಿ ಇದ್ದರೆ ಅದೇ ಅಗ್ಗವಾಗುವುದು ಹೆಚ್ಚು. ಮಾಮೂಲಿ ಹೋಟೆಲಿನ ರೂಮಿನಲ್ಲಿ ಕರೆಂಟ್ ಒಲೆ ಹಚ್ಚಬೇಡಿ, ಊದುಬತ್ತಿಯನ್ನೂ ಹಚ್ಚಬೇಡಿ. ಹೊಗೆಗೆ ಅಲಾರಂ ಹೊಡೆಯುತ್ತದೆ, ದಂಡ ಬೀಳಬಹುದು.

ಯಾರದೋ ಮನೆಯನ್ನು ದಿನದ ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಜಾಹೀರಾತಿನಲ್ಲಿ 13 ಅಕ್ಷರಗಳ ನೋಂದಣಿ ಸಂಖ್ಯೆ ಇದೆಯಾ ನೋಡಿ. ಪ್ಯಾರಿಸ್‌ನಲ್ಲಿ ಅದು ಕಡ್ಡಾಯ. ಇಲ್ಲದಿದ್ದರೆ ಮುಟ್ಟಬೇಡಿ.

## 5. ರಿವ್ಯೂ ಓದುವ ಕ್ರಮ

ಹತ್ತಕ್ಕೆ ಎಷ್ಟು ಅಂಕ ಎಂಬುದು ಅಷ್ಟು ಮುಖ್ಯವಲ್ಲ. ಹೊಸದು ಮೊದಲು ಬರುವ ಹಾಗೆ ಜೋಡಿಸಿ, ಕಳೆದ ಆರು ತಿಂಗಳದ್ದು ಓದಿ. ಕಡಿಮೆ ಅಂಕ ಕೊಟ್ಟವರದ್ದು ಮೊದಲು. ಒಬ್ಬರು ಬೈದರೆ ಅದು ಅವರ ಅನುಭವ. ನಾಲ್ಕು ಜನ ಒಂದೇ ವಿಷಯಕ್ಕೆ ಬೈದಿದ್ದರೆ ಅದು ಹೋಟೆಲಿನ ದೋಷ. ಗದ್ದಲ, ಬಿಸಿನೀರು, ವಾಸನೆ, ತಿಗಣೆ, ಈ ನಾಲ್ಕನ್ನು ಹುಡುಕಿ. ಫ್ರೆಂಚ್‌ನಲ್ಲಿ ಬರೆದಿದ್ದರೆ ಗದ್ದಲಕ್ಕೆ "ಬ್ರುಯಿ", ತಿಗಣೆಗೆ "ಪ್ಯುನೇಜ಼್" ಎನ್ನುತ್ತಾರೆ. ಅನುವಾದ ಬಟನ್ ಒತ್ತಿ ಓದಿದರೂ ಆಯಿತು.

## 6. ವಾಪಸ್ ಬರುವ ದರದಲ್ಲೇ ಬುಕ್ ಮಾಡಿ

ವೀಸಾ ಬರುವವರೆಗೆ ಹಣ ವಾಪಸ್ ಇಲ್ಲದ ದರವನ್ನು ಮುಟ್ಟಲೇಬೇಡಿ. ಹತ್ತು ಹದಿನೈದು ಯೂರೊ ಉಳಿಯಿತು ಎಂದು ಖುಷಿಪಟ್ಟು, ವೀಸಾ ತಡವಾಗಿ ಇಡೀ ಬಾಡಿಗೆ ಕಳೆದುಕೊಂಡವರನ್ನು ಕಂಡಿದ್ದೇನೆ. ಉಚಿತ ರದ್ದತಿಯ ಕೊನೆ ದಿನ, ಕೊನೆ ಗಂಟೆ ಬರೆದಿಟ್ಟುಕೊಳ್ಳಿ. ಅದು ಪ್ಯಾರಿಸ್ ಸಮಯ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಉಳಿದ ಕಾಲ ನಾಲ್ಕೂವರೆ ಗಂಟೆ.

ಬುಕಿಂಗ್ ಸೈಟಿನಲ್ಲಿ ಹೋಟೆಲ್ ಸಿಕ್ಕ ಮೇಲೆ ಅದೇ ಹೋಟೆಲಿನ ಸ್ವಂತ ವೆಬ್‌ಸೈಟನ್ನೂ ತೆರೆಯಿರಿ. ನೇರ ಬುಕ್ ಮಾಡಿದವರಿಗೆ ಕೆಲವರು ದರ ಇಳಿಸುತ್ತಾರೆ, ಕೆಲವರು ತಿಂಡಿ ಸೇರಿಸುತ್ತಾರೆ.

ಕಾರ್ಡಿನಲ್ಲಿ ಕೊಡುವಾಗ "ರೂಪಾಯಿಯಲ್ಲೋ ಯೂರೊದಲ್ಲೋ" ಎಂದು ಕೇಳಿದರೆ ಯೂರೊ ಎನ್ನಿ. ರೂಪಾಯಿ ಎಂದರೆ ಅವರ ವಿನಿಮಯ ದರ, ಅದು ದುಬಾರಿ. ನಿಮ್ಮ ಬ್ಯಾಂಕು ವಿದೇಶಿ ವ್ಯವಹಾರಕ್ಕೆ ಎಷ್ಟು ಶೇಕಡ ಹಾಕುತ್ತದೆ ಎಂದೂ ತಿಳಿದುಕೊಂಡಿರಿ. ಹೋಟೆಲಿನಲ್ಲಿ ಠೇವಣಿ ಎಂದು ಕಾರ್ಡಿನ ಸ್ವಲ್ಪ ಹಣ ತಡೆಹಿಡಿಯಬಹುದು. ಮೊದಲೇ ವಿದೇಶಿ ಹಣ ತುಂಬಿಸಿದ ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡ್ ಕೊಟ್ಟರೆ ಆ ಹಣ ಬಿಡುಗಡೆಯಾಗುವವರೆಗೆ ನಿಮಗೇ ಸಿಗುವುದಿಲ್ಲ. ಠೇವಣಿಗೆ ಕ್ರೆಡಿಟ್ ಕಾರ್ಡ್ ಕೊಡಿ, ಊಟ ತಿಂಡಿಗೆ ಫಾರೆಕ್ಸ್ ಕಾರ್ಡ್ ಇಟ್ಟುಕೊಳ್ಳಿ.

### ಇವು ಕಂಡರೆ ಹಿಂದೆ ಸರಿಯಿರಿ

ಬುಕ್ ಮಾಡಿ ಕೆಲವು ದಿನಗಳ ಮೇಲೆ "ನಿಮ್ಮ ಕಾರ್ಡ್ ದೃಢೀಕರಣ ಆಗಿಲ್ಲ, 24 ಗಂಟೆಯಲ್ಲಿ ಈ ಲಿಂಕ್ ಒತ್ತಿ, ಇಲ್ಲದಿದ್ದರೆ ರೂಮು ರದ್ದು" ಎಂಬ ಸಂದೇಶ ಬಂತೆಂದುಕೊಳ್ಳಿ. ಅದರಲ್ಲಿ ನಿಮ್ಮ ಹೆಸರು, ತಾರೀಕು ಎಲ್ಲ ಸರಿಯಾಗಿಯೇ ಇರಬಹುದು. ಆದರೂ ಒತ್ತಬೇಡಿ. ಹೋಟೆಲಿನ ಖಾತೆಗೇ ಕನ್ನ ಹಾಕಿ ಇಂಥ ಸಂದೇಶ ಕಳಿಸುವ ಮೋಸ ಯೂರೋಪಿನಲ್ಲಿ ಚೆನ್ನಾಗಿ ಗೊತ್ತಿರುವಂಥದ್ದು. ಆ್ಯಪ್ ತೆರೆದು ಬುಕಿಂಗ್ ನೋಡಿ, ಹೋಟೆಲಿಗೆ ಫೋನ್ ಮಾಡಿ.

ಸೈಟಿನ ಹೊರಗೆ ಬ್ಯಾಂಕ್ ಖಾತೆಗೆ ಹಣ ಹಾಕಿ ಎಂದರೆ ಬೇಡ. ಸುತ್ತಲಿನ ಹೋಟೆಲುಗಳ ಅರ್ಧ ದರಕ್ಕೆ ಕೊಡುತ್ತೇವೆ ಎಂದರೂ ಬೇಡ. ಫೋಟೋಗಳಲ್ಲಿ ಲಾಬಿ, ಐಫೆಲ್ ಗೋಪುರ ಮಾತ್ರ ಇದ್ದು ಬಾತ್‌ರೂಮಿನ ಒಂದು ಫೋಟೋವೂ ಇಲ್ಲದಿದ್ದರೆ ಮುಂದಿನ ಹೋಟೆಲ್ ನೋಡಿ.

## 7. ವೀಸಾ ಅರ್ಜಿಗೆ ಬುಕಿಂಗ್ ಹೊಂದಿಸಿ

ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಗೆ ಪ್ರತಿ ರಾತ್ರಿಯೂ ಎಲ್ಲಿ ಮಲಗುತ್ತೀರಿ ಎಂಬ ದಾಖಲೆ ಬೇಕು. ಒಂದು ರಾತ್ರಿ ಬಿಟ್ಟುಹೋದರೂ ಪ್ರಶ್ನೆ ಬರುತ್ತದೆ. ಹೋಟೆಲ್ ಬುಕಿಂಗ್‌ನಲ್ಲಿ ಒಬ್ಬರ ಹೆಸರು ಮಾತ್ರ ಇರುವುದು ನಮ್ಮವರು ಮಾಡುವ ದೊಡ್ಡ ತಪ್ಪು. ಹೋಟೆಲಿಗೆ ಬರೆದು ಎಲ್ಲರ ಹೆಸರು ಸೇರಿಸಿದ ದೃಢೀಕರಣ ಪತ್ರ ತರಿಸಿಕೊಳ್ಳಿ.

ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದ ಹಾಕಬಹುದು, ಕೊನೆಯೆಂದರೆ 15 ದಿನ ಮುಂಚೆ. ಆ ಹದಿನೈದು ದಿನವನ್ನು ನಂಬಿ ಕೂರಬೇಡಿ. ಫ್ರಾನ್ಸಿನ ಅರ್ಜಿಯನ್ನು ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಕೊಡಬಹುದು, ಆದರೆ ಬೇಸಿಗೆ ರಜೆಗೆ ಹೋಗುವವರೆಲ್ಲ ಒಟ್ಟಿಗೆ ಬರುವುದರಿಂದ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಇರಬೇಕು. ಹಲವು ದೇಶ ಸುತ್ತುವುದಾದರೆ ಜಾಸ್ತಿ ರಾತ್ರಿ ಕಳೆಯುವ ದೇಶದ ಅರ್ಜಿಯನ್ನೇ ಹಾಕಬೇಕು.

ವೀಸಾಗೆಂದು ಸುಮ್ನೆ ಒಂದು ಹೋಟೆಲ್ ಬುಕ್ ಮಾಡಿ, ಅರ್ಜಿ ಕೊಟ್ಟ ಮರುದಿನ ರದ್ದು ಮಾಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಪರಿಶೀಲಿಸುವವರು ಹೋಟೆಲಿಗೇ ಕೇಳಬಹುದು. ನಿಜವಾಗಿ ಉಳಿಯುವ ಹೋಟೆಲನ್ನೇ ತೋರಿಸಿ.

ಅಲ್ಲಿರುವ ನೆಂಟರ ಮನೆಯಲ್ಲಿ ಎರಡು ರಾತ್ರಿ ಇರುವುದಾದರೆ, ಅವರು ತಮ್ಮ ಪುರಸಭೆಯಿಂದ "ಅತೆಸ್ತಾಸಿಯೋಂ ದಾಕೇಯ್" ಎಂಬ ಪತ್ರ ಮಾಡಿಸಿ ಕಳಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಮೊದಲೇ ಹೇಳಿಡಿ.

## 8. ವೀಸಾ ಬಂದ ಮೇಲೆ ಮತ್ತೆ ಒಮ್ಮೆ ದರ ನೋಡಿ

ಅದೇ ಹೋಟೆಲಿನ ದರ ಇಳಿದಿದ್ದರೆ ಹೊಸದಾಗಿ ಬುಕ್ ಮಾಡಿ. ಅದು ಖಾತ್ರಿಯಾದ ಮೇಲೆ ಹಳೆಯದನ್ನು ರದ್ದು ಮಾಡಿ. ಕ್ರಮ ತಪ್ಪಬೇಡಿ, ಮೊದಲು ಹೊಸದು, ಆಮೇಲೆ ರದ್ದು.

ಹೊರಡುವ ವಾರದ ಮುಂಚೆ ಹೋಟೆಲಿಗೆ ಒಂದು ಸಣ್ಣ ಮೇಲ್ ಬರೆಯಿರಿ. ಎಷ್ಟು ಗಂಟೆಗೆ ಬರುತ್ತೇವೆ, ಮುಂಚೆ ಬಂದರೆ ಪೆಟ್ಟಿಗೆ ಇಡಲು ಜಾಗ ಇದೆಯಾ, ರಿಸೆಪ್ಷನ್ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ, ಒಳ ಅಂಗಳದ ಕಡೆಯ ರೂಮು ಸಿಗಬಹುದಾ. ಬೀದಿ ಕಡೆಯ ರೂಮಿಗಿಂತ ಅಂಗಳದ ಕಡೆಯದು ಎಷ್ಟೋ ಶಾಂತ. ರಾತ್ರಿ ರಿಸೆಪ್ಷನ್ ಮುಚ್ಚುವ ಸಣ್ಣ ಹೋಟೆಲುಗಳಲ್ಲಿ ಬೀದಿ ಬಾಗಿಲಿಗೆ ನಂಬರ್ ಒತ್ತಬೇಕು. ಆ ನಂಬರನ್ನು ಕಾಗದದ ಮೇಲೂ ಬರೆದುಕೊಳ್ಳಿ. ಫೋನ್ ಚಾರ್ಜ್ ಹೋಗುವುದು ಇಂಥ ಹೊತ್ತಿಗೇ.

## 9. ಇಳಿದ ದಿನ

ಬೆಂಗಳೂರಿನಿಂದ ನೇರ ವಿಮಾನ ರಾತ್ರಿ ಹೊರಟು ಬೆಳಿಗ್ಗೆ ಮುಟ್ಟುತ್ತದೆ. ಹೋಟೆಲಿನ ಚೆಕ್‌ಇನ್ ಮಧ್ಯಾಹ್ನ ಎರಡು ಮೂರು ಗಂಟೆಗೆ. ನಡುವಿನ ಹೊತ್ತಿಗೆ ಒಂದು ರಾತ್ರಿಯ ಬಾಡಿಗೆ ಜಾಸ್ತಿ ಕೊಡಬೇಡಿ. ಪೆಟ್ಟಿಗೆ ಹೋಟೆಲಿನಲ್ಲಿಟ್ಟು ಹತ್ತಿರದ ಪಾರ್ಕು, ಬೇಕರಿ ಸುತ್ತಿ ಬನ್ನಿ.

ಊರೊಳಗೆ ಹೋಗಲು ಎಷ್ಟು ಜನ ಎಂದು ನೋಡಿ ನಿರ್ಧರಿಸಿ. ಒಬ್ಬರು ಇಬ್ಬರಾದರೆ ಆರ್‌ಇಆರ್ ಬಿ, ಗಾರ್ ದು ನಾರ್‌ಗೆ ಸುಮಾರು ಅರ್ಧ ಗಂಟೆ. ನಾಲ್ಕು ಜನರಾದರೆ 2025ರ ದರದಲ್ಲಿ ರೈಲಿಗೇ 52 ಯೂರೊ ಆಗುತ್ತಿತ್ತು. ಶಾರ್ಲ್ ದ ಗೋಲ್‌ನಿಂದ ಟ್ಯಾಕ್ಸಿಗೆ ಸರ್ಕಾರವೇ ನಿಗದಿ ಮಾಡಿದ ದರ ಇದೆ. 2025ರಲ್ಲಿ ಸೇನ್ ನದಿಯ ಬಲದಂಡೆಗೆ (ಉತ್ತರದ ಕಡೆ) 56, ಎಡದಂಡೆಗೆ (ದಕ್ಷಿಣದ ಕಡೆ) 65 ಯೂರೊ ಇತ್ತು. ಪೆಟ್ಟಿಗೆಗಳ ಜೊತೆ ಹೋಟೆಲಿನ ಬಾಗಿಲಿಗೇ ಬಿಡುತ್ತಾರೆ. ಹಿರಿಯರಿದ್ದರೆ ನಾನು ಟ್ಯಾಕ್ಸಿಯನ್ನೇ ಹೇಳುತ್ತೇನೆ. ಬೋರ್ಡ್ ಇರುವ ಸಾಲಿನಿಂದ ಮಾತ್ರ ಹತ್ತಿ. ಒಳಗೇ ಬಂದು "ಟ್ಯಾಕ್ಸಿ, ಟ್ಯಾಕ್ಸಿ" ಎಂದು ಕರೆಯುವವರ ಹಿಂದೆ ಹೋಗಬೇಡಿ.

ಬಿಡಿ ಟಿಕೆಟ್ಟಿಗೆ ನಾವಿಗೋ ಈಸಿ ಕಾರ್ಡ್ ತೆಗೆದುಕೊಳ್ಳುವುದಾದರೆ ತಲೆಗೊಂದು ಬೇಕು. ಒಂದೇ ಕಾರ್ಡ್ ಉಜ್ಜಿ ಇಬ್ಬರು ಒಳಗೆ ಹೋದರೆ ತಪಾಸಣೆಯಲ್ಲಿ ದಂಡ. ವಾರದ ಪಾಸಿಗೆ ನಾವಿಗೋ ದೆಕುವೆರ್ತ್ ಕಾರ್ಡ್ ಬೇಕು, ಅದಕ್ಕೆ 5 ಯೂರೊ ಬೇರೆ. ಅದರ ಮೇಲೆ 2.5ಕ್ಕೆ 3 ಸೆಂಟಿಮೀಟರ್ ಅಳತೆಯ ಫೋಟೋ ಅಂಟಿಸಬೇಕು. ಊರಿಂದಲೇ ಕತ್ತರಿಸಿಕೊಂಡು ಹೋಗಿ.

## 10. ರೂಮಿಗೆ ಕಾಲಿಟ್ಟ ಕೂಡಲೇ

ಪೆಟ್ಟಿಗೆಯನ್ನು ಹಾಸಿಗೆ ಮೇಲೆ ಇಡಬೇಡಿ. ಬಾತ್‌ರೂಮಿನ ನೆಲದ ಮೇಲಿಡಿ. ಆಮೇಲೆ ತಲೆ ಕಡೆಯ ಬೆಡ್‌ಶೀಟ್ ಎತ್ತಿ ಹಾಸಿಗೆಯ ಹೊಲಿಗೆ ನೋಡಿ. ಫೋನಿನ ಟಾರ್ಚ್ ಹಿಡಿದು ಮೂಲೆಮೂಲೆ ನೋಡಿ. ಪೆನ್ನಿನ ತುದಿ ತಾಗಿದ ಹಾಗೆ ಕಪ್ಪು ಚುಕ್ಕಿ, ಒಣಗಿದ ಕಂದು ಕಲೆ, ತೆಳ್ಳಗಿನ ಸಿಪ್ಪೆ ಕಂಡರೆ ಅದು ತಿಗಣೆ. 2023ರಲ್ಲಿ ಪ್ಯಾರಿಸ್‌ನಲ್ಲಿ ಇದೇ ದೊಡ್ಡ ಸುದ್ದಿಯಾಗಿತ್ತು. ಐದು ಸ್ಟಾರ್ ಹೋಟೆಲಿಗೂ ಬರಬಹುದು, ಆದ್ದರಿಂದ ಬೈಯುವುದು ಬೇಡ. ಫೋಟೋ ತೆಗೆದು ಕೆಳಗೆ ಹೋಗಿ ಬೇರೆ ರೂಮು ಕೇಳಿ, ಪಕ್ಕದ ರೂಮು ಬೇಡ, ಬೇರೆ ಮಹಡಿಯದ್ದು ಕೇಳಿ.

ಬಿಸಿನೀರು, ಬಾಗಿಲ ಚಿಲಕ, ಕಿಟಕಿ, ಪ್ಲಗ್ ನೋಡಿ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗುವುದಿಲ್ಲ. ಅವರ ಸಾಕೆಟ್ಟಿನೊಳಗಿಂದ ಒಂದು ಪಿನ್ ಹೊರಗೆ ಚಾಚಿರುತ್ತದೆ. ಎರಡು ತೆಳು ಪಿನ್ನಿನ ಫೋನ್ ಚಾರ್ಜರ್ ಹಾಗೇ ನಡೆಯುತ್ತದೆ, ಲ್ಯಾಪ್‌ಟಾಪಿಗೆ ಅಡಾಪ್ಟರ್ ಬೇಕು. ಶೌಚಾಲಯದಲ್ಲಿ ನೀರಿನ ಪೈಪ್ ಇರುವುದಿಲ್ಲ. ಒಂದು ಸಣ್ಣ ಪ್ಲಾಸ್ಟಿಕ್ ಚೊಂಬು ಪೆಟ್ಟಿಗೆಯಲ್ಲಿರಲಿ.

ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಿರಿ, ಬಾಟಲಿ ಕೊಳ್ಳುವುದು ದಂಡ. ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ ತಂದಿದ್ದರೆ ಕೆಟಲ್ ಇದೆಯಾ ಎಂದು ಕೇಳಿ. ಅಲ್ಲಿ ಅದಕ್ಕೆ "ಬುಯ್ವಾರ್" ಎನ್ನುತ್ತಾರೆ. ತುಪ್ಪದ ಡಬ್ಬಿ, ಹಾಲಿನ ಪದಾರ್ಥ, ಮಾಂಸ ಇವನ್ನು ಹೊರದೇಶದಿಂದ ಯೂರೋಪಿಗೆ ತರುವಂತಿಲ್ಲ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟರೂ ಮನೆಯಲ್ಲೇ ಬಿಟ್ಟುಬನ್ನಿ.

ಹೊರಡುವ ಹಿಂದಿನ ರಾತ್ರಿಯೇ ಬಿಲ್ಲು ಕೇಳಿ. ತೆರಿಗೆ ಎರಡು ಸಲ ಹಾಕಿಲ್ಲ, ತಿನ್ನದ ತಿಂಡಿ ಸೇರಿಸಿಲ್ಲ ಎಂದು ಸಾಲು ಸಾಲು ನೋಡಿ. ಬೆಳಿಗ್ಗೆ ಟ್ಯಾಕ್ಸಿ ಕಾಯುತ್ತಿರುವಾಗ ಅದನ್ನು ಸರಿಪಡಿಸಲು ಆಗುವುದಿಲ್ಲ. ಚೆಕ್‌ಔಟ್ ಹನ್ನೊಂದಕ್ಕೋ ಹನ್ನೆರಡಕ್ಕೋ ಇರುತ್ತದೆ, ವಿಮಾನ ರಾತ್ರಿ ಇದ್ದರೆ ಪೆಟ್ಟಿಗೆಗಳನ್ನು ಅಲ್ಲೇ ಇಡಲು ಹೇಳಿ. ಊರಿಗೆ ಬಂದ ಮೇಲೆ ಹತ್ತು ದಿನದಲ್ಲಿ ಒಮ್ಮೆ ಕಾರ್ಡಿನ ಲೆಕ್ಕ ತೆರೆದು ಠೇವಣಿ ಹಣ ಬಿಟ್ಟಿದ್ದಾರಾ ನೋಡಿ. ಬಿಟ್ಟಿಲ್ಲದಿದ್ದರೆ ಬಿಲ್ಲಿನ ಫೋಟೋ ಸೇರಿಸಿ ಹೋಟೆಲಿಗೂ ಬ್ಯಾಂಕಿಗೂ ಬರೆಯಿರಿ.